ಆನ್‌ಲೈನ್‌ನಲ್ಲಿ ಎಂಟಿಬಿ ಸೈಕಲ್ ತಗೋತಿದ್ದೀರಾ? ಆರ್ಡರ್ ಮಾಡೋ ಮುಂಚೆ ಇದನ್ನೊಮ್ಮೆ ಓದಿ

ಶಿವಮೊಗ್ಗ: ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕ್, 21 ಗೇರ್. ಕಾಲೇಜು ಹುಡುಗರಿಗೂ ಇದೇ ಬೇಕು, ಬೆಳಿಗ್ಗೆ ಗಾಜನೂರು ಕಡೆ ಒಂದು ಸುತ್ತು ಹೋಗಿ ಬರೋ ಮಧ್ಯವಯಸ್ಕರಿಗೂ ಇದೇ ಬೇಕು. ಮೊಬೈಲ್ ತೆಗೆದರೆ ಸಾಕು, 6 ಸಾವಿರದಿಂದ 60 ಸಾವಿರದವರೆಗೆ ನೂರಾರು ಸೈಕಲ್ ಸಾಲಾಗಿ ಬರುತ್ತವೆ. ಫೋಟೊದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ ಬಾಕ್ಸ್ ಬಿಚ್ಚಿದ ಮೇಲೆ ಸೈಜು ಚಿಕ್ಕದು, ಹ್ಯಾಂಡಲ್ ವಾಲಿಕೊಂಡಿದೆ, ಬ್ರೇಕ್ ಹಿಡೀತಿಲ್ಲ, ಊರಿನ ಪಂಕ್ಚರ್ ಅಂಗಡೀಲಿ ಟ್ಯೂಬ್ ಸಿಗಲ್ಲ ಅನ್ನೋ ತಾಪತ್ರಯ ಶುರು.

ಪೇಟೆಯ ಸಮತಟ್ಟು ರಸ್ತೇಲಿ ಇದು ಬರೀ ದುಡ್ಡಿನ ನಷ್ಟ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಏರಿಳಿತದಲ್ಲಿ, ಆಗುಂಬೆಯಂಥ 14 ತಿರುವಿನ ಘಾಟಿಯಲ್ಲಿ ಸರಿಯಾಗಿ ಜೋಡಿಸದ ಬ್ರೇಕು ಜೀವಕ್ಕೇ ಕುತ್ತು. ಹಾಗಾಗಿ ಆನ್‌ಲೈನ್‌ನಲ್ಲಿ ಸೈಕಲ್ ಕೊಳ್ಳೋರು ಏನು ನೋಡಬೇಕು, ಬಂದ ಮೇಲೆ ಏನು ಮಾಡಬೇಕು, ಮೋಸ ಆದರೆ ಎಲ್ಲಿ ದೂರು ಕೊಡಬೇಕು ಅನ್ನೋದರ ಪೂರ್ತಿ ವಿವರ ಇಲ್ಲಿದೆ.

ಎಂಟಿಬಿ ಅಂದ್ರೆ ಯಾವುದು?

ಮೌಂಟೇನ್ ಬೈಕ್ ಅನ್ನೋದರ ಚಿಕ್ಕ ಹೆಸರು ಎಂಟಿಬಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸೋಕೆ ಶುರು ಮಾಡಿದ್ದರಿಂದ ಹುಟ್ಟಿದ ಸೈಕಲ್ ಇದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದರ ರೇಸ್ ಕೂಡ ಸೇರಿತು.

ಕಲ್ಲು, ಬೇರು, ಕೆಸರಿನ ದಾರಿಯಲ್ಲಿ ಓಡಿಸೋಕೆ ಬೇಕಾದ ಗಟ್ಟಿ ಫ್ರೇಮು, ಅಗಲ ಹ್ಯಾಂಡಲ್, ಗುಬಟು ಇರೋ ಟೈರು, ಕಡಿದಾದ ಏರಿಗೆ ಹಗುರವಾದ ಗೇರು, ನಂಬಿಕಸ್ಥ ಬ್ರೇಕು ಇವು ಎಂಟಿಬಿಯ ಲಕ್ಷಣ. ಆನ್‌ಲೈನ್‌ನಲ್ಲಿ 7-8 ಸಾವಿರಕ್ಕೆ ಸಿಗೋ ಬಹುತೇಕ ಸೈಕಲ್‌ಗಳು ಎಂಟಿಬಿ 'ಥರ ಕಾಣೋ' ಸೈಕಲ್‌ಗಳು ಅಷ್ಟೆ. ಶಾಲೆಗೆ, ಅಂಗಡಿಗೆ ಹೋಗಿ ಬರೋಕೆ ಅವು ಸಾಕು, ತಪ್ಪೇನಿಲ್ಲ. ಅದನ್ನ ತಗೊಂಡು ಗುಡ್ಡ ಇಳಿಯೋಕೆ ಹೋಗಬಾರದು. ಕಂಪನಿಯವರೇ ಕೈಪಿಡಿಯಲ್ಲಿ ಈ ಸೈಕಲ್ ಯಾವ ಥರದ ರಸ್ತೆಗೆ, ಎಷ್ಟು ಕೆ.ಜಿ. ಭಾರಕ್ಕೆ ಅಂತ ಬರೆದಿರುತ್ತಾರೆ. ಅದನ್ನು ಓದಿ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಎಲ್ಲಿ ಓಡಿಸ್ತೀರಾ?

- ಪೇಟೆ ಒಳಗೆ, ಡಾಂಬರು ರಸ್ತೆ ಮಾತ್ರ: ಶಾಕ್ ಅಬ್ಸಾರ್ಬರ್ ಇಲ್ಲದ, ಸ್ವಲ್ಪ ಸಣ್ಣ ಟೈರಿನ ಹೈಬ್ರಿಡ್ ಸೈಕಲ್ ಇದಕ್ಕೆ ಒಳ್ಳೇದು. ದಪ್ಪ ಗುಬಟಿನ ಟೈರು ಡಾಂಬರಿನ ಮೇಲೆ ಎಳೆದ ಹಾಗಾಗುತ್ತೆ, ಬೇಗ ಸವೆಯುತ್ತೆ.
- ಹಳ್ಳಿ ರಸ್ತೆ, ಹೊಂಡ, ತೋಟದ ದಾರಿ: ಮುಂದೆ ಮಾತ್ರ ಶಾಕ್ ಇರೋ ಎಂಟಿಬಿ. ಇದನ್ನ 'ಹಾರ್ಡ್‌ಟೇಲ್' ಅಂತಾರೆ. ಮಲೆನಾಡಿನ ಬಹುಪಾಲು ಜನರಿಗೆ ಇದೇ ಸರಿ.
- ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸಾಮಾನು ಚೀಲ ಹೊರೋದಿದ್ರೆ: ಗೇರ್ ಸೈಕಲ್ ಬೇಡ. ಹಳೇ ಕಾಲದ ಕಪ್ಪು ಸೈಕಲ್ಲೇ ಗಟ್ಟಿ. ಎಷ್ಟೋ ಎಂಟಿಬಿಗಳಿಗೆ ಕ್ಯಾರಿಯರ್ ಕೂರಿಸೋ ತೂತೇ ಇರಲ್ಲ. ಹಿಂದೆಯೂ ಶಾಕ್ ಇದ್ದರಂತೂ ಮಾಮೂಲಿ ಕ್ಯಾರಿಯರ್ ಹಾಕೋಕೇ ಆಗಲ್ಲ.

ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರೋ ಸೈಕಲ್ ನೋಡೋಕೆ ಗತ್ತು. ಒಳ್ಳೇ ಗುಣಮಟ್ಟದ್ದಕ್ಕೆ ಲಕ್ಷಗಟ್ಟಲೆ ಬೆಲೆ ಇದೆ. 10-12 ಸಾವಿರಕ್ಕೆ ಸಿಗೋದರಲ್ಲಿ ಹಿಂದಿನ ಶಾಕ್ ಬರೀ ಒಂದು ಸ್ಪ್ರಿಂಗ್. ಪೆಡಲ್ ತುಳಿದಾಗೆಲ್ಲ ಸೈಕಲ್ ಮೇಲೆ ಕೆಳಗೆ ಕುಣಿಯುತ್ತೆ, ಏರು ಹತ್ತೋವಾಗ ಅರ್ಧ ಶಕ್ತಿ ಅದಕ್ಕೇ ಹೋಗುತ್ತೆ. ಸೈಕಲ್ ಭಾರವೂ ಜಾಸ್ತಿ. ಬಜೆಟ್ ಕಡಿಮೆ ಇದ್ದಾಗ ಡಬಲ್ ಶಾಕ್ ಕಡೆ ನೋಡಲೇಬೇಡಿ.

ಸೈಜು: ಅತಿ ಹೆಚ್ಚು ಎಡವಟ್ಟು ಆಗೋದು ಇಲ್ಲೇ

ಆನ್‌ಲೈನ್ ಪುಟದಲ್ಲಿ ಎರಡು ಅಳತೆ ಇರುತ್ತೆ. 26, 27.5, 29 ಇಂಚು ಅನ್ನೋದು ಚಕ್ರದ್ದು. 15, 17, 19 ಇಂಚು ಅನ್ನೋದು ಫ್ರೇಮಿನದ್ದು. ಮೈಗೆ ಸರಿಹೊಂದಬೇಕಾದ್ದು ಫ್ರೇಮು. '29 ಇಂಚು ದೊಡ್ಡದು, ಅದೇ ಒಳ್ಳೇದು' ಅಂದುಕೊಂಡು ಕುಳ್ಳಗಿರೋರು ತಗೊಂಡರೆ ಕಾಲು ನೆಲಕ್ಕೆ ಎಟುಕಲ್ಲ.

ಎತ್ತರಕ್ಕೆ ತಕ್ಕ ಫ್ರೇಮಿನ ಅಂದಾಜು ಲೆಕ್ಕ ಹೀಗಿದೆ:

- 5 ಅಡಿಯಿಂದ 5 ಅಡಿ 4 ಇಂಚು: 13ರಿಂದ 15 ಇಂಚು ಫ್ರೇಮ್
- 5 ಅಡಿ 4 ಇಂಚಿನಿಂದ 5 ಅಡಿ 8 ಇಂಚು: 15ರಿಂದ 17 ಇಂಚು
- 5 ಅಡಿ 8 ಇಂಚಿನಿಂದ 6 ಅಡಿ: 17ರಿಂದ 19 ಇಂಚು
- 6 ಅಡಿಗಿಂತ ಹೆಚ್ಚು: 19ರಿಂದ 21 ಇಂಚು

ಇದು ಅಂದಾಜು ಮಾತ್ರ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಕಾಲು ಗಿಡ್ಡ ಇರಬಹುದು. ಮನೇಲೇ ಅಳತೆ ತೆಗೆಯಬಹುದು. ಗೋಡೆಗೆ ಬೆನ್ನು ಕೊಟ್ಟು, ಚಪ್ಪಲಿ ಬಿಟ್ಟು ನಿಂತು, ಎರಡು ಕಾಲಿನ ಮಧ್ಯೆ ಒಂದು ಪುಸ್ತಕವನ್ನ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಿನ ಅಂಚಿನಿಂದ ನೆಲದವರೆಗೆ ಟೇಪ್ ಹಿಡಿದು ನೋಡಿ. ಅದು 76 ಸೆಂ.ಮೀ. ಬಂತು ಅಂದುಕೊಳ್ಳಿ. ಸೈಕಲ್ ವಿವರದಲ್ಲಿ 'ಸ್ಟ್ಯಾಂಡ್‌ಓವರ್ ಹೈಟ್' ಅಂತ ಕೊಟ್ಟಿರೋ ಅಳತೆ ಅದಕ್ಕಿಂತ ಕನಿಷ್ಠ 5 ಸೆಂ.ಮೀ. ಕಡಿಮೆ, ಅಂದರೆ 71 ಸೆಂ.ಮೀ. ಒಳಗೆ ಇರಬೇಕು. ಗಕ್ಕನೆ ಬ್ರೇಕ್ ಹಾಕಿ ಎರಡೂ ಕಾಲು ಊರಿದಾಗ ಮೇಲಿನ ಪೈಪು ತಾಗಬಾರದು, ಅದಕ್ಕೆ ಈ ಜಾಗ.

ಮಕ್ಕಳ ವಿಷಯದಲ್ಲಿ 'ಹೇಗೂ ಬೆಳೀತಾನೆ, ದೊಡ್ಡದೇ ಇರ್ಲಿ' ಅನ್ನೋದು ಬಟ್ಟೆಗಾದರೆ ಸರಿ, ಸೈಕಲ್ಲಿಗೆ ಅಲ್ಲ. ಕೈ ಪೂರ್ತಿ ಚಾಚಿದರೂ ಬ್ರೇಕ್ ಲಿವರ್ ಸಿಗದ ಮಗು ಇಳಿಜಾರಿನಲ್ಲಿ ಏನೂ ಮಾಡೋಕಾಗಲ್ಲ. ಸಾಮಾನ್ಯವಾಗಿ 9ರಿಂದ 12 ವರ್ಷದವರಿಗೆ 24 ಇಂಚಿನ ಚಕ್ರದ ಸೈಕಲ್ ಸರಿಯಾಗುತ್ತೆ.

ಒಂದು ಸುಲಭ ಉಪಾಯ ಇದೆ. ಪೇಟೆಯ ಸೈಕಲ್ ಅಂಗಡೀಲಿ ಅಥವಾ ಗೆಳೆಯರ ಹತ್ರ ಇರೋ ಅದೇ ಅಳತೆಯ ಸೈಕಲ್ ಹತ್ತಿ ಐದು ನಿಮಿಷ ಓಡಿಸಿ. ಸೈಜ್ ಚಾರ್ಟ್ ಹೇಳದ್ದನ್ನ ಬೆನ್ನು, ಮಂಡಿ ಹೇಳುತ್ತವೆ.

21 ಗೇರ್ ಅನ್ನೋ ಲೆಕ್ಕ

ಮುಂದೆ 3 ಹಲ್ಲುಚಕ್ರ, ಹಿಂದೆ 7. ಗುಣಿಸಿದರೆ 21. ಅದರಲ್ಲಿ ಎಷ್ಟೋ ಗೇರ್‌ಗಳು ಒಂದಕ್ಕೊಂದು ಹೆಚ್ಚುಕಮ್ಮಿ ಸಮ. ಗೇರಿನ ಸಂಖ್ಯೆಗಿಂತ ಮುಖ್ಯ ಏನು ಅಂದ್ರೆ ಏರು ಹತ್ತೋ ಗೇರ್ ಎಷ್ಟು ಹಗುರ ಇದೆ ಅನ್ನೋದು.

ಇದನ್ನ ತಿಳಿಯೋಕೆ ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲನ್ನ ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿ. ಮುಂದೆ 24, ಹಿಂದೆ 28 ಇದ್ದರೆ 0.86. ಅಂದ್ರೆ ಒಂದು ಸುತ್ತು ಪೆಡಲ್ ತುಳಿದರೆ ಹಿಂದಿನ ಚಕ್ರ 0.86 ಸುತ್ತು ತಿರುಗುತ್ತೆ. ಹಿಂದೆ 34 ಹಲ್ಲು ಇದ್ದರೆ ಅದು 0.71. ಈ ಸಂಖ್ಯೆ ಕಡಿಮೆ ಆದಷ್ಟೂ ಏರು ಹತ್ತೋದು ಸಲೀಸು. ಈಗ ಬರೋ ಕೆಲವು ಸೈಕಲ್‌ಗಳಲ್ಲಿ ಮುಂದೆ ಒಂದೇ ಚಕ್ರ ಇರುತ್ತೆ. ಅದು 32 ಹಲ್ಲಿನದ್ದು, ಹಿಂದೆ ದೊಡ್ಡದು 46 ಹಲ್ಲಿನದ್ದು ಇದ್ದರೆ ಲೆಕ್ಕ 0.70. ಗೇರ್ ಒಂಬತ್ತೋ ಹತ್ತೋ ಮಾತ್ರ ಇದ್ದರೂ ಏರಿನಲ್ಲಿ 21 ಗೇರಿನ ಸೈಕಲ್ಲಿಗೆ ಸಮ. ಮುಂದಿನ ಗೇರ್ ಶಿಫ್ಟರ್ರೇ ಇಲ್ಲದ್ದರಿಂದ ರಿಪೇರಿ ತಲೆನೋವೂ ಕಡಿಮೆ.

ಗೇರ್ ಸಾಮಾನು ಜಪಾನಿನ ಶಿಮಾನೊ ಕಂಪನಿಯದ್ದು ಅಂತ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಶಿಮಾನೊದಲ್ಲೂ ದರ್ಜೆ ಇದೆ. ಟೂರ್ನಿ ಅನ್ನೋದು ಕೆಳಗಿನ ಹಂತ. ಅದರ ಮೇಲೆ ಆಲ್ಟಸ್, ಅಸೆರಾ, ಅಲಿವಿಯೊ, ಡಿಯೋರ್. 2023ರಿಂದ ಕಂಪನಿ ನಡುವಿನ ಕೆಲವು ದರ್ಜೆಗಳ ಜಾಗದಲ್ಲಿ 'ಕ್ಯೂಸ್' ಅನ್ನೋ ಹೊಸ ಸರಣಿ ತಂದಿದೆ. ಹಿಂದಿನ ಗೇರ್ ಒಂದು ಮಾತ್ರ ಶಿಮಾನೊ ಹಾಕಿ, ಮಿಕ್ಕಿದ್ದೆಲ್ಲ ಹೆಸರಿಲ್ಲದ ಸಾಮಾನು ಹಾಕೋದೂ ಉಂಟು. ಶಿಫ್ಟರ್, ಮುಂದಿನ ಗೇರ್, ಹಿಂದಿನ ಗೇರ್, ಬ್ರೇಕ್ ಒಂದೊಂದರ ಹೆಸರೂ ಪುಟದಲ್ಲಿದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿ ಏನೋ ಕಡಿಮೆಯದ್ದು ಇದೆ ಅಂತಲೇ ಲೆಕ್ಕ.

ಬ್ರೇಕು: ಮಳೆಗಾಲ ನೆನಪಿರಲಿ

ಮೂರು ಥರ ಇವೆ.

- ವಿ-ಬ್ರೇಕ್: ರಬ್ಬರ್ ಬಂದು ರಿಮ್ಮಿಗೆ ಒತ್ತುತ್ತೆ. ಅಗ್ಗ, ಯಾವ ಅಂಗಡೀಲೂ ರಿಪೇರಿ ಆಗುತ್ತೆ. ಆದರೆ ರಿಮ್ಮು ಒದ್ದೆಯಾದರೆ, ಕೆಸರು ಹತ್ತಿದರೆ ಹಿಡಿತ ಕಡಿಮೆ. ರಿಮ್ಮೂ ಸವೆಯುತ್ತೆ.
- ಮೆಕ್ಯಾನಿಕಲ್ ಡಿಸ್ಕ್: ಕೇಬಲ್ಲಿನಿಂದ ನಡೆಯುತ್ತೆ. ಮಳೆಯಲ್ಲೂ ಹಿಡಿಯುತ್ತೆ. ಆಗಾಗ ಕೇಬಲ್ ಬಿಗಿ ಮಾಡಬೇಕು.
- ಹೈಡ್ರಾಲಿಕ್ ಡಿಸ್ಕ್: ಎಣ್ಣೆಯ ಒತ್ತಡದಿಂದ ನಡೆಯುತ್ತೆ. ಎರಡು ಬೆರಳು ಒತ್ತಿದರೆ ಸಾಕು. ಬೆಲೆ ಜಾಸ್ತಿ, ರಿಪೇರಿ ಗೊತ್ತಿರೋರು ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯೋ ತಾಲ್ಲೂಕುಗಳಲ್ಲಿ ದಿನಾ ಓಡಿಸೋರಿಗೆ ಡಿಸ್ಕ್ ಬ್ರೇಕ್ ಒಳ್ಳೇದು. ತೀರಾ ಅಗ್ಗದ ಡಿಸ್ಕ್‌ಗಿಂತ ಹೆಸರಿರೋ ಕಂಪನಿಯ ವಿ-ಬ್ರೇಕ್ ಮೇಲು ಅನ್ನೋದನ್ನೂ ಮರೀಬೇಡಿ.

ಫ್ರೇಮು, ಶಾಕು

ಪುಟದಲ್ಲಿ 'ಹೈ-ಟೆನ್ ಸ್ಟೀಲ್' ಅಂತಿದ್ದರೆ ಮಾಮೂಲಿ ಉಕ್ಕು. ಗಟ್ಟಿ, ಅಗ್ಗ, ಆದರೆ ಭಾರ, ಪೇಂಟ್ ಎದ್ದ ಕಡೆ ತುಕ್ಕು ಹಿಡಿಯುತ್ತೆ. 'ಅಲಾಯ್ 6061' ಅಂದರೆ ಅಲ್ಯೂಮಿನಿಯಂ ಮಿಶ್ರಲೋಹ. ಹಗುರ, ತುಕ್ಕಿಲ್ಲ. ಉಕ್ಕಿನ ಎಂಟಿಬಿ 16ರಿಂದ 18 ಕೆ.ಜಿ. ತೂಗೋದು ಸಾಮಾನ್ಯ, ಅಲಾಯ್‌ದು ಅದಕ್ಕಿಂತ ಎರಡು ಮೂರು ಕೆ.ಜಿ. ಕಡಿಮೆ. ಮನೆ ಮೆಟ್ಟಿಲು ಹತ್ತಿಸೋರಿಗೆ, ದಿನಾ ಏರು ತುಳಿಯೋರಿಗೆ ಈ ವ್ಯತ್ಯಾಸ ಗೊತ್ತಾಗುತ್ತೆ.

ಮುಂದಿನ ಶಾಕ್ ಎಷ್ಟು ಮಿ.ಮೀ. ಕೆಳಗಿಳಿಯುತ್ತೆ ಅನ್ನೋದನ್ನ 'ಟ್ರಾವೆಲ್' ಅಂತಾರೆ. 80ರಿಂದ 100 ಮಿ.ಮೀ. ಇದ್ದರೆ ಹಳ್ಳಿ ರಸ್ತೆಗೆ ಧಾರಾಳ. 'ಲಾಕ್‌ಔಟ್' ಇದ್ದರೆ ಡಾಂಬರು ರಸ್ತೇಲಿ, ಏರಿನಲ್ಲಿ ಶಾಕ್ ಕುಣಿಯದ ಹಾಗೆ ಬಂದ್ ಮಾಡಬಹುದು.

ಬಿಲ್ಲಿನಲ್ಲಿ ಕಾಣದ ಖರ್ಚು

'ಎಂಆರ್‌ಪಿ 24,999, ಈಗ 9,999 ಮಾತ್ರ' ಅನ್ನೋ ಬೋರ್ಡು ನೋಡಿ ಖುಷಿಪಡೋ ಮುಂಚೆ ಅದೇ ಮಾಡೆಲ್ ಬೇರೆ ಎರಡು ಕಡೆ ಎಷ್ಟಕ್ಕಿದೆ ನೋಡಿ. ಎಲ್ಲ ಕಡೆ 10 ಸಾವಿರದ ಆಸುಪಾಸಲ್ಲೇ ಮಾರುತ್ತಿದ್ದರೆ ಅದೇ ಅದರ ನಿಜವಾದ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ.12ರಿಂದ ಶೇ.5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಸರಿಯಾಗಿದೆಯಾ ನೋಡಿಕೊಳ್ಳಿ.

ಸೈಕಲ್ ಬೆಲೆ ಜೊತೆಗೆ ಇವೂ ಬರುತ್ತವೆ: ಜೋಡಿಸೋ ಮಜೂರಿ, ಹೆಲ್ಮೆಟ್, ಬೀಗ, ಮಡ್‌ಗಾರ್ಡ್, ಸ್ಟ್ಯಾಂಡು, ಬೆಲ್ಲು, ಮುಂದೆ ಹಿಂದೆ ಲೈಟು, ಪಂಪು, ಎರಡು ಟ್ಯೂಬು. ಬಜೆಟ್ 15 ಸಾವಿರ ಇದ್ದರೆ ಸೈಕಲ್ಲಿಗೆ 12 ಸಾವಿರ, ಮಿಕ್ಕಿದ್ದು ಇವುಗಳಿಗೆ ಅಂತ ಎತ್ತಿಡೋದು ಜಾಣತನ. ಹೆಲ್ಮೆಟ್ಟನ್ನ 'ಆಮೇಲೆ ನೋಡೋಣ' ಅನ್ನೋ ಪಟ್ಟಿಗೆ ಹಾಕಬೇಡಿ.

ಟ್ಯೂಬಿನ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಹಳ್ಳಿ ಪಂಕ್ಚರ್ ಅಂಗಡೀಲಿ ಮಾಮೂಲಿ ಸೈಕಲ್ ಟ್ಯೂಬ್ ಇರುತ್ತೆ, 26 ಇಂಚಿನದ್ದೂ ಸಿಗಬಹುದು. 27.5 ಮತ್ತು 29 ಇಂಚಿನದ್ದು ತಾಲ್ಲೂಕು ಕೇಂದ್ರದಲ್ಲೂ ಸಿಗೋದು ಕಷ್ಟ. ಸೈಕಲ್ ಜೊತೆಗೇ ತರಿಸಿಟ್ಟುಕೊಳ್ಳಿ. ವಾಲ್ ಕೂಡ ನೋಡಿ. ಬೈಕಿನ ಟೈರಿಗೆ ಇರೋ ಥರದ ದಪ್ಪ ವಾಲ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹೊಡೆಸಬಹುದು. ಸಣ್ಣ, ಉದ್ದನೆಯ ಪ್ರೆಸ್ಟಾ ವಾಲ್ ಇದ್ದರೆ ಅಡಾಪ್ಟರ್ ಬೇಕು. ಎಷ್ಟು ಗಾಳಿ ಹಾಕಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತೆ. ಬಂಕಿನ ಪಂಪು ಜೋರಾಗಿ ತುಂಬುತ್ತೆ, ಅಳತೆ ನೋಡಿಕೊಂಡು ನಿಧಾನ ಹಾಕಿಸಿ.

ಆನ್‌ಲೈನಾ, ಅಂಗಡಿಯಾ?

ಆನ್‌ಲೈನ್‌ನಲ್ಲಿ ಆಯ್ಕೆ ಜಾಸ್ತಿ, ಹಬ್ಬದ ಆಫರ್ ಟೈಮಲ್ಲಿ ಬೆಲೆಯೂ ಕಡಿಮೆ. ಅಂಗಡಿಯಲ್ಲಿ ಹತ್ತಿ ನೋಡಬಹುದು, ಜೋಡಿಸಿ ಕೊಡ್ತಾರೆ, ತಿಂಗಳಾದ ಮೇಲೆ ಗೇರ್ ಕಟಕಟ ಅಂದರೆ ಹೋಗಿ ಕೇಳಬಹುದು. ಎರಡರ ಬೆಲೆ ವ್ಯತ್ಯಾಸ ಒಂದೆರಡು ಸಾವಿರದೊಳಗೆ ಇದ್ದರೆ, ರಿಪೇರಿ ಏನೂ ಗೊತ್ತಿಲ್ಲದೋರಿಗೆ ಅಂಗಡಿಯೇ ಅನುಕೂಲ. ಅಂಗಡಿಯಲ್ಲಿ ಬೇಕಾದ ಸೈಜು, ಮಾಡೆಲ್ ಇಲ್ಲದಿದ್ದರೆ ಅಥವಾ ಉಳಿತಾಯ ದೊಡ್ಡದಿದ್ದರೆ ಆನ್‌ಲೈನ್ ಸರಿ. ಲುಧಿಯಾನದ ಹೀರೊ, ಏವನ್, ಚೆನ್ನೈನ ಮುರುಗಪ್ಪ ಸಮೂಹದ ಹರ್ಕ್ಯುಲಿಸ್, ಮಾಂಟ್ರಾ ಮುಂತಾದ ಹಳೇ ಹೆಸರುಗಳಿಗೆ ಊರೂರಲ್ಲೂ ಡೀಲರ್ ಇರೋದರಿಂದ ಆನ್‌ಲೈನ್‌ನಲ್ಲಿ ತಗೊಂಡರೂ ಬಿಡಿಭಾಗ ಸಿಗೋ ಸಾಧ್ಯತೆ ಹೆಚ್ಚು. ಹೊಸ ಬ್ರ್ಯಾಂಡ್ ಆದರೆ ಹತ್ತಿರದಲ್ಲಿ ಸರ್ವಿಸ್ ಎಲ್ಲಿದೆ ಅಂತ ಮೊದಲೇ ಕೇಳಿ.

'ಫ್ರೇಮಿಗೆ ಲೈಫ್‌ಟೈಮ್ ವಾರಂಟಿ' ಅಂದರೆ ಸಾಮಾನ್ಯವಾಗಿ ಫ್ರೇಮಿಗೆ ಮಾತ್ರ. ಪೇಂಟು, ಟೈರು, ಚೈನು, ಬ್ರೇಕ್ ಪ್ಯಾಡಿಗೆ ಅನ್ವಯಿಸಲ್ಲ. ಬಿಲ್ ಕಳೆದುಹೋದರೆ ಅದೂ ಇಲ್ಲ. ಬಿಲ್ಲಿನ ಫೋಟೊ ತೆಗೆದಿಡಿ, ಫ್ರೇಮಿನ ಅಡಿಯಲ್ಲಿ ಕೊರೆದಿರೋ ನಂಬರನ್ನೂ ಬರೆದಿಡಿ. ಸೈಕಲ್ ಕಳುವಾದರೆ ಪೊಲೀಸ್ ಠಾಣೆಗೆ ಕೊಡೋಕೆ ಅದೇ ಗುರುತು.

ಡೆಲಿವರಿ ದಿನ ಏನು ಮಾಡಬೇಕು?

1. ಆರ್ಡರ್ ಮಾಡೋ ಮುಂಚೆಯೇ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ. ದೊಡ್ಡ ಬಾಕ್ಸ್ ಆದ್ದರಿಂದ ಒಳಹಳ್ಳಿಗಳಿಗೆ ಕೆಲವರು ಕಳಿಸಲ್ಲ. ಅಂಥ ಕಡೆ ಪೇಟೆಯಲ್ಲಿರೋ ನೆಂಟರ ವಿಳಾಸ ಕೊಡೋದು ವಾಸಿ.
2. 'ಓಪನ್ ಬಾಕ್ಸ್ ಡೆಲಿವರಿ' ಇದ್ದರೆ ಅದನ್ನೇ ಆರಿಸಿ. ಡೆಲಿವರಿಯವರ ಎದುರೇ ತೆರೆದು ನೋಡಿ, ಆಮೇಲೆ ಒಟಿಪಿ ಕೊಡಿ.
3. ಬಾಕ್ಸ್ ಹರಿದಿದ್ದರೆ, ಜಜ್ಜಿದ್ದರೆ ಆರೂ ಕಡೆಯಿಂದ ಫೋಟೊ ತೆಗೆಯಿರಿ.
4. ಬಿಚ್ಚೋದನ್ನ ಮೊದಲಿಂದ ಕೊನೆಯವರೆಗೆ ನಿಲ್ಲಿಸದೆ ವಿಡಿಯೊ ಮಾಡಿ. ವಿಳಾಸದ ಚೀಟಿ ಕಾಣುವಂತಿರಲಿ.
5. ಹಿಂದಿನ ಗೇರ್ ತಗುಲಿರೋ ಸಣ್ಣ ಲೋಹದ ಪಟ್ಟಿ, ಡಿಸ್ಕ್ ತಟ್ಟೆ, ರಿಮ್ಮು ಈ ಮೂರು ಸಾಗಾಟದಲ್ಲಿ ಬೇಗ ಬೆಂಡ್ ಆಗುತ್ತವೆ. ಅವನ್ನೇ ಮೊದಲು ನೋಡಿ.
6. ಬಾಕ್ಸನ್ನ ಒಲೆಗೆ ಹಾಕಬೇಡಿ. ವಾಪಸ್ ಕಳಿಸೋ ಅವಧಿ ಮುಗಿಯೋವರೆಗೆ ಅಟ್ಟದ ಮೇಲಿರಲಿ.

ಜೋಡಣೆ: ಶೇ.85 ಆಗಿದೆ, ಮಿಕ್ಕ ಶೇ.15ರಲ್ಲೇ ಅಪಾಯ

ಆನ್‌ಲೈನ್ ಸೈಕಲ್ ಸಾಮಾನ್ಯವಾಗಿ ಶೇ.85ರಷ್ಟು ಜೋಡಿಸಿದ ಸ್ಥಿತಿಯಲ್ಲಿ ಬರುತ್ತೆ ಅಂತ ಪುಟದಲ್ಲಿ ಬರೆದಿರುತ್ತೆ. ಹ್ಯಾಂಡಲ್, ಮುಂದಿನ ಚಕ್ರ, ಸೀಟು, ಪೆಡಲ್ ಹಾಕಿ ಬ್ರೇಕು, ಗೇರ್ ಹೊಂದಿಸೋ ಕೆಲಸ ಕೊಂಡವರದ್ದು. ಹ್ಯಾಂಡಲ್, ಚಕ್ರ, ಬ್ರೇಕು ಇವೇ ಜೀವ ಕಾಯೋ ಭಾಗಗಳು. ಗೇರ್ ಸೈಕಲ್ ಕೆಲಸ ಗೊತ್ತಿರೋ ಮೆಕ್ಯಾನಿಕ್ ಹತ್ರ ಕೆಲವು ನೂರು ರೂಪಾಯಿ ಕೊಟ್ಟು ಮಾಡಿಸೋದೇ ಕ್ಷೇಮ. ಮನೇಲೇ ಮಾಡೋದಾದರೆ ಈ ತಪ್ಪುಗಳು ಆಗದಂತೆ ನೋಡಿಕೊಳ್ಳಿ:

- ಫೋರ್ಕ್ ಹಿಂದುಮುಂದು: ಇದು ತುಂಬಾ ಕಡೆ ಆಗೋ ತಪ್ಪು. ಡಿಸ್ಕ್ ಇರೋ ಸೈಕಲ್ಲಿನಲ್ಲಿ ಕೂತವರ ಎಡಗಡೆಗೆ ಮುಂದಿನ ಡಿಸ್ಕ್ ಬರಬೇಕು. ಬಲಗಡೆ ಬಂದಿದ್ದರೆ ಫೋರ್ಕ್ ತಿರುಗಿದೆ ಅಂತ ಅರ್ಥ.
- ಎಡ ಪೆಡಲ್: ಇದರ ಮರೆ ಉಲ್ಟಾ. ಪೆಡಲ್ ಮೇಲೆ ಎಡ, ಬಲಕ್ಕೆ ಇಂಗ್ಲಿಷಿನ ಎಲ್, ಆರ್ ಅಕ್ಷರ ಇರುತ್ತೆ. ಬಲದ್ದು ಗಡಿಯಾರದ ದಿಕ್ಕಿನಲ್ಲಿ, ಎಡದ್ದು ಅದರ ವಿರುದ್ಧ ದಿಕ್ಕಿನಲ್ಲಿ ಬಿಗಿಯಾಗುತ್ತೆ. ಮೊದಲು ಕೈಯಲ್ಲೇ ತಿರುಗಿಸಿ. ಬಲವಂತ ಮಾಡಿದರೆ ಮರೆ ಹೋಗಿ ಕ್ರ್ಯಾಂಕೇ ಬದಲಿಸಬೇಕಾಗುತ್ತೆ. ಇದಕ್ಕೆ 15ರ ಸ್ಪ್ಯಾನರ್ ಬೇಕು.
- ಹ್ಯಾಂಡಲ್ ಬೋಲ್ಟ್: ನಾಲ್ಕು ಬೋಲ್ಟ್ ಇದ್ದರೆ ಒಂದನ್ನೇ ಪೂರ್ತಿ ಬಿಗಿ ಮಾಡಬೇಡಿ. ಎದುರುಬದುರಿನದ್ದನ್ನ ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತಾ ಹೋಗಿ. ಆಮೇಲೆ ಮುಂದಿನ ಚಕ್ರವನ್ನ ಎರಡು ಮಂಡಿ ಮಧ್ಯೆ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ. ಅಲ್ಲಾಡಬಾರದು.
- ಹೈಡ್ರಾಲಿಕ್ ಬ್ರೇಕ್: ಚಕ್ರ ಹಾಕೋ ಮುಂಚೆ ಲಿವರ್ ಒತ್ತಬೇಡಿ. ಪ್ಯಾಡ್ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಡಿಸ್ಕ್ ಒಳಗೆ ಹೋಗಲ್ಲ. ಮಧ್ಯದಲ್ಲಿಟ್ಟ ಪ್ಲಾಸ್ಟಿಕ್ ತುಂಡನ್ನ ಕೊನೆಗೆ ತೆಗೆಯಿರಿ.
- ಡಿಸ್ಕ್ ಮೇಲೆ ಎಣ್ಣೆ: ಚೈನಿಗೆ ಎಣ್ಣೆ ಬಿಡೋವಾಗ ಒಂದು ತೊಟ್ಟು ಡಿಸ್ಕಿಗೆ ಬಿದ್ದರೂ ಬ್ರೇಕ್ ಜಾರುತ್ತೆ.

ಯಾವ ಲಿವರ್ ಯಾವ ಚಕ್ರದ್ದು ಅಂತ ನೋಡಿಕೊಂಡೇ ಹತ್ತಿ. ಹೊಸ ಡಿಸ್ಕ್ ಬ್ರೇಕ್ ಮೊದಲ ದಿನ ಅಷ್ಟಾಗಿ ಹಿಡಿಯಲ್ಲ. ಖಾಲಿ, ಸಮತಟ್ಟು ರಸ್ತೇಲಿ ಸ್ವಲ್ಪ ವೇಗದಲ್ಲಿ ಹೋಗಿ ನಿಧಾನಕ್ಕೆ ಬ್ರೇಕ್ ಹಿಡಿಯೋದನ್ನ 15-20 ಸಲ ಮಾಡಿದರೆ ಪ್ಯಾಡ್ ಹೊಂದಿಕೊಳ್ಳುತ್ತೆ. ಹೊಸ ಕೇಬಲ್ ಮೊದಲ ಕೆಲವು ವಾರದಲ್ಲಿ ಸಡಿಲ ಆಗೋದೂ ಸಹಜ. 100 ಕಿ.ಮೀ. ಆಸುಪಾಸಿನಲ್ಲಿ ಒಮ್ಮೆ ಬೋಲ್ಟು, ಕಡ್ಡಿ, ಬ್ರೇಕು, ಗೇರ್ ಎಲ್ಲ ಬಿಗಿ ಮಾಡಿಸಿ. ಇದೆಲ್ಲ ಆಗದೆ ಘಾಟಿ ಇಳಿಯೋ ಸಾಹಸ ಬೇಡ. ಇಳಿಯೋವಾಗಲೂ ಬ್ರೇಕನ್ನ ಒತ್ತಿ ಹಿಡಿದೇ ಇರದೆ, ಎರಡೂ ಬ್ರೇಕ್ ಸೇರಿಸಿ ಹಿಡಿದು ಬಿಟ್ಟು ಮಾಡಿ. ಬಿಸಿ ಏರಿದ ಬ್ರೇಕು ಹಿಡಿತ ಕಳೆದುಕೊಳ್ಳುತ್ತೆ.

ನಕಲಿ ಜಾಲತಾಣ, ಸೆಕೆಂಡ್ ಹ್ಯಾಂಡ್ ಮೋಸ

'ಗೋಡೌನ್ ಖಾಲಿ, 21 ಗೇರ್ ಸೈಕಲ್ ಬರೀ 1,999 ರೂಪಾಯಿ' ಅನ್ನೋ ಥರದ ಜಾಹೀರಾತು ಕಂಡರೆ ಮುಟ್ಟಬೇಡಿ. ದೊಡ್ಡ ಕಂಪನಿಯ ಹೆಸರು, ಲಾಂಛನವನ್ನೇ ಹಾಕಿಕೊಂಡು, ವಿಳಾಸದಲ್ಲಿ ಒಂದಕ್ಷರ ಬದಲಿಸಿ ನಕಲಿ ತಾಣ ಮಾಡಿರುತ್ತಾರೆ. ಮಾರಾಟಗಾರರ ಪೂರ್ತಿ ವಿಳಾಸ, ದೂರು ಅಧಿಕಾರಿಯ ಹೆಸರು ಇಲ್ಲದ, ಯುಪಿಐಯಲ್ಲಿ ಮುಂಗಡ ಮಾತ್ರ ಕೇಳೋ ತಾಣದಿಂದ ದೂರ ಇರಿ.

ಹಳೇ ಸೈಕಲ್ ಕೊಳ್ಳೋದಾದರೆ ಎದುರಿಗೆ ನೋಡಿ, ಓಡಿಸಿ, ಆಮೇಲೆ ದುಡ್ಡು ಕೊಡಿ. 'ನಾನು ಮಿಲಿಟರಿಯವನು, ಟ್ರಾನ್ಸ್‌ಫರ್ ಆಗಿದೆ, ಸಾಗಾಟದ ದುಡ್ಡು ಮೊದಲು ಹಾಕಿ' ಅನ್ನೋದು ಹಳೇ ಮೋಸದ ಕಥೆ. ಮಾರೋರಿಗೂ ಎಚ್ಚರಿಕೆ ಬೇಕು. ದುಡ್ಡು ಪಡೆಯೋಕೆ ಯುಪಿಐ ಪಿನ್ ಹಾಕೋದು ಬೇಕಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ದುಡ್ಡು ಹೋಗೋದು ನಿಮ್ಮ ಖಾತೆಯಿಂದಲೇ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯೋ ಅವಕಾಶ ಜಾಸ್ತಿ.

ಕೆಟ್ಟ ಸೈಕಲ್ ಬಂತು, ವಾಪಸ್ ತಗೋತಿಲ್ಲ. ಏನು ಮಾಡೋದು?

ಗ್ರಾಹಕರ ಸಂರಕ್ಷಣಾ ಕಾಯ್ದೆ 2019 ಮತ್ತು ಅದರ ಅಡಿಯ 2020ರ ಇ-ಕಾಮರ್ಸ್ ನಿಯಮಗಳು ಗ್ರಾಹಕರ ಪರವಾಗಿವೆ. ಸೈಕಲ್‌ನಲ್ಲಿ ದೋಷ ಇದ್ದರೆ, ನಕಲಿ ಆಗಿದ್ದರೆ, ಪುಟದಲ್ಲಿ ಹೇಳಿದ್ದಕ್ಕೂ ಬಂದಿದ್ದಕ್ಕೂ ವ್ಯತ್ಯಾಸ ಇದ್ದರೆ ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ದೂರು ಬಂದ 48 ಗಂಟೆಯೊಳಗೆ ದೂರು ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವಸ್ತು ಯಾವ ದೇಶದಲ್ಲಿ ತಯಾರಾಯ್ತು ಅನ್ನೋದನ್ನೂ ತೋರಿಸಬೇಕು. ಆದರೆ 'ಬಣ್ಣ ಇಷ್ಟವಾಗಲಿಲ್ಲ', 'ಮನಸ್ಸು ಬದಲಾಯ್ತು' ಅನ್ನೋದಕ್ಕೆ ಈ ನಿಯಮದ ಬಲ ಸಿಗಲ್ಲ. ಅಲ್ಲಿ ಆ ತಾಣದ ರಿಟರ್ನ್ ಷರತ್ತೇ ಲೆಕ್ಕ. ಸೈಕಲ್‌ಗಳಿಗೆ ಎಷ್ಟೋ ಕಡೆ 'ಬದಲಿಸಿ ಕೊಡ್ತೀವಿ, ದುಡ್ಡು ವಾಪಸ್ ಇಲ್ಲ' ಅಂತ ಇರುತ್ತೆ. ಕೊಳ್ಳೋ ಮುಂಚೆಯೇ ಅದನ್ನು ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ದೂರಿನ ಹಾದಿ ಹೀಗಿದೆ:

1. ಆ್ಯಪ್‌ನಲ್ಲೇ ಫೋಟೊ, ವಿಡಿಯೊ ಹಾಕಿ ದೂರು ಕೊಡಿ. ಫೋನಿನಲ್ಲಿ ಮಾತಾಡಿದ್ದನ್ನೂ ಇಮೇಲ್‌ನಲ್ಲಿ ಬರೆದು ಕಳಿಸಿ. ದಾಖಲೆ ಇಲ್ಲದ ಮಾತು ಲೆಕ್ಕಕ್ಕೆ ಬರಲ್ಲ.
2. ಅವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಶುಲ್ಕ ಇಲ್ಲ. ಎಷ್ಟೋ ದೂರು ಈ ಹಂತದಲ್ಲೇ ಬಗೆಹರಿಯುತ್ತವೆ.
3. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಗುರುಗ್ರಾಮದಲ್ಲಿರಲಿ, ಮುಂಬೈನಲ್ಲಿರಲಿ, ಗ್ರಾಹಕರು ವಾಸ ಇರೋ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ವಸ್ತುವಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು.

ಕೆಲವರು ಕೇಳೋ ಪ್ರಶ್ನೆಗಳು

ಮಳೆಗಾಲದಲ್ಲಿ ಸೈಕಲ್ ಹೇಗೆ ನೋಡಿಕೊಳ್ಳೋದು? ಕೆಸರನ್ನ ಬಕೆಟ್ ನೀರು, ಬಟ್ಟೆಯಿಂದ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಶರ್ ನೀರು ಬೇರಿಂಗ್ ಒಳಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತೆ. ಚೈನು ಒರೆಸಿ, ಒಣಗಿದ ಮೇಲೆ ಸೈಕಲ್ ಚೈನ್ ಎಣ್ಣೆಯನ್ನ ಒಂದೊಂದು ಕೊಂಡಿಗೆ ತೊಟ್ಟು ತೊಟ್ಟು ಬಿಟ್ಟು, ಹೆಚ್ಚಾದ್ದನ್ನ ಒರೆಸಿ.

ಕಾಡಿನ ದಾರಿಯಲ್ಲಿ ಓಡಿಸಬಹುದಾ? ಶರಾವತಿ ಕಣಿವೆ, ಮೂಕಾಂಬಿಕಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆ ಬಿಟ್ಟು ಒಳಗೆ ಹೋಗಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅದು ಅಪರಾಧ. ಕಾಡುಕೋಣ, ಆನೆ ಓಡಾಡೋ ಕಡೆ ಸದ್ದಿಲ್ಲದೆ ಬರೋ ಸೈಕಲ್ ಪ್ರಾಣಿಗೂ ಗಾಬರಿ, ಸವಾರರಿಗೂ ಅಪಾಯ.

ಇಎಂಐನಲ್ಲಿ ತಗೋಬಹುದಾ? 'ನೋ ಕಾಸ್ಟ್' ಅಂತಿದ್ದರೂ ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಜಿಎಸ್‌ಟಿ ಇರಬಹುದು. ಒಟ್ಟು ಎಷ್ಟು ಕಟ್ಟಬೇಕು ಅಂತ ಕೂಡಿ ನೋಡಿ.

ಆರ್ಡರ್ ಮಾಡೋ ಮುಂಚೆ ಕೊನೆಯ ಪಟ್ಟಿ

- ಫ್ರೇಮ್ ಸೈಜು ಅಳೆದು ನೋಡಿದ್ದಾಯ್ತಾ?
- ಬ್ರೇಕು, ಗೇರಿನ ಕಂಪನಿ ಹೆಸರು ಪುಟದಲ್ಲಿ ಇದೆಯಾ?
- ಜೋಡಿಸಿಕೊಡೋ ಮೆಕ್ಯಾನಿಕ್ ಯಾರು ಅಂತ ಗೊತ್ತಾ?
- ಟ್ಯೂಬು, ಹೆಲ್ಮೆಟ್, ಬೀಗ, ಲೈಟು ಬಜೆಟ್‌ನಲ್ಲಿ ಸೇರಿದೆಯಾ?
- ರಿಟರ್ನ್ ಷರತ್ತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀರಾ?

ಐದಕ್ಕೂ ಹೌದು ಅಂದರೆ ಧೈರ್ಯವಾಗಿ ಆರ್ಡರ್ ಮಾಡಿ. ಗ್ರಾಹಕ ಸಹಾಯವಾಣಿ 1915, ಸೈಬರ್ ವಂಚನೆ ದೂರಿಗೆ 1930 ಎರಡನ್ನೂ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.